ನಿಮ್ಮ ಮನೇಲಿ ಎಷ್ಟು ಜನ?

"ನಿಮ್ಮ ಮನೇಲಿ ಎಷ್ಟು ಜನ?" ಎಂದು ಕೇಳಿದೆ. ಹುಡುಗ ಬೆರಳು ಮಡಚಿ ಎಣಿಸತೊಡಗಿದ. ಅಪ್ಪ, ಅಮ್ಮ, ತಾನು, ಇಬ್ಬರು ತಂಗಿಯರು. ಆಮೇಲೆ ಚಿಕ್ಕಪ್ಪ, ಅವರ ಹೆಂಡತಿ, ಅವರದೊಂದು ಮಗು. ಗ್ಯಾರೇಜಿನಲ್ಲಿ ದೊಡ್ಡಮ್ಮ, ಅವರ ಇಬ್ಬರು ಮಕ್ಕಳು.

"ಹನ್ನೊಂದು, ಮಿಸ್."

ನಾವು ತುಂಬುತ್ತಿದ್ದದ್ದು ಫ್ಯಾಫ್ಸಾ ಅರ್ಜಿ. ಅಮೆರಿಕದಲ್ಲಿ ಕಾಲೇಜಿಗೆ ಸರ್ಕಾರದ ದುಡ್ಡು ಬೇಕಾದರೆ ಮೊದಲು ಹಾಕಬೇಕಾದ ಅರ್ಜಿ ಅದು. ಅದರ ಲೆಕ್ಕದಲ್ಲಿ ಇವನ ಮನೆಯಲ್ಲಿ ಐದೇ ಜನ. ಬಾಡಿಗೆಯಲ್ಲಿ ಪಾಲು ಕೊಡುವ ಚಿಕ್ಕಪ್ಪ ಲೆಕ್ಕಕ್ಕಿಲ್ಲ. ತಂಗಿಯರನ್ನು ಶಾಲೆಯಿಂದ ಕರೆತರುವ ದೊಡ್ಡಮ್ಮನೂ ಇಲ್ಲ. ಅಪ್ಪ ಅಮ್ಮನ ದುಡಿಮೆಯಲ್ಲಿ ಬದುಕುವವರು ಮಾತ್ರ ಕುಟುಂಬ. ಐದು ಅಂತ ಒತ್ತಿದೆ. ಅವನು ಪರದೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ. ನಾನೇನೋ ತಪ್ಪು ಮಾಡಿದೆ ಅನ್ನೋ ಹಾಗೆ.

ಇದು ನಡೆದದ್ದು ಕ್ಯಾಲಿಫೋರ್ನಿಯಾದ ಸಿಲಿಕಾನ್ ವ್ಯಾಲಿಯ ಸ್ಯಾನ್ ಹೋಸೆ ಊರಿನ ಪೂರ್ವ ಭಾಗದ ಒಂದು ಸರ್ಕಾರಿ ಹೈಸ್ಕೂಲಿನ ಲೈಬ್ರರಿಯಲ್ಲಿ, 2024ರ ಜನವರಿಯಲ್ಲಿ. ಸಿಲಿಕಾನ್ ವ್ಯಾಲಿ ಅಂದರೆ ನಿಮ್ಮ ಕಣ್ಣ ಮುಂದೆ ಗಾಜಿನ ಕಟ್ಟಡಗಳು ಬರುತ್ತವೆ, ಅಲ್ವಾ? ನನಗೂ ಹಾಗೇ ಇತ್ತು. ಬಂದು ಎಷ್ಟೋ ವರ್ಷ ಆಫೀಸು, ಮನೆ, ದೇವಸ್ಥಾನ, ಇಂಡಿಯನ್ ಅಂಗಡಿ ಬಿಟ್ಟರೆ ಬೇರೆ ದಿಕ್ಕಿಗೆ ಕಾರು ತಿರುಗಿಸಿದವಳಲ್ಲ. ಇದೇ ಊರಿನ ಪೂರ್ವಕ್ಕೆ ಸಾಲ್ ಸಿ ಪ್ವೇದೆಸ್ ಅಂತ ಹಳೆಯ ಹೆಸರಿನ ಒಂದು ಬಡಾವಣೆ ಇದೆ. ಸ್ಪ್ಯಾನಿಷ್‌ನಲ್ಲಿ ಹಾಗೆಂದರೆ 'ಕೈಲಾದರೆ ಹೊರಗೆ ಬಾ'. ಹೊಲದ ಕೂಲಿಗಳ ನಾಯಕ ಸೀಸರ್ ಚಾವೆಸ್ 1950ರ ದಶಕದಲ್ಲಿ ಇದ್ದದ್ದು ಅಲ್ಲೇ. ಈಗ ಆ ಸುತ್ತಮುತ್ತ ಮೆಕ್ಸಿಕೋ, ವಿಯೆಟ್ನಾಂ, ಫಿಲಿಪೀನ್ಸ್ ಮೂಲದವರು ಹೆಚ್ಚು. ಗಾಜಿನ ಕಟ್ಟಡಗಳ ನೆಲ ಒರೆಸುವವರು, ಅಲ್ಲಿನ ಕ್ಯಾಂಟೀನಿನಲ್ಲಿ ಬಡಿಸುವವರು, ನಮ್ಮ ಮನೆ ಮುಂದಿನ ಹುಲ್ಲು ಕತ್ತರಿಸುವವರು.

ಆ ಶಾಲೆಗೆ ಸ್ವಯಂಸೇವಕರು ಬೇಕು ಅಂತ ಆಫೀಸಿನಲ್ಲಿ ಇಮೇಲ್ ಬಂದಾಗ ನನ್ನ ತಲೆಯಲ್ಲಿದ್ದದ್ದು ಗಣಿತ. ಮಕ್ಕಳಿಗೆ ಗಣಿತ ಹೇಳಿಕೊಡುವುದು, ಇನ್ನೇನು? ಮಕ್ಕಳ ಹತ್ತಿರ ಹೋಗುವ ಮುಂಚೆ ಬೆರಳಚ್ಚು ಕೊಡಬೇಕು, ಟಿಬಿ ಇಲ್ಲ ಅಂತ ತೋರಿಸಬೇಕು. ಕೈಗೆ ಚುಚ್ಚಿ ನೋಡುವ ಟಿಬಿ ಪರೀಕ್ಷೆ ಮಾಡಿಸಿದೆ. ಮೂರನೇ ದಿನ ಚುಚ್ಚಿದ ಜಾಗ ಊದಿತ್ತು! ನರ್ಸ್ ಮುಖ ಗಂಭೀರವಾಯಿತು. ನಾನು ತೋಳು ಮೇಲೆತ್ತಿ ಬಿಸಿಜಿ ಕಲೆ ತೋರಿಸಿದೆ. ಚಿಕ್ಕಂದಿನಲ್ಲಿ ಆ ಲಸಿಕೆ ಹಾಕಿಸಿಕೊಂಡವರಿಗೆ ಈ ಪರೀಕ್ಷೆ ಸುಳ್ಳು ಹೇಳುವುದುಂಟು. ಆಮೇಲೆ ರಕ್ತ ಪರೀಕ್ಷೆಯಾಗಿ ಬಚಾವಾದೆ. ಲೈಬ್ರರಿಯಲ್ಲಿ ಕಾಲಿಟ್ಟ ದಿನ ಈ ಕತೆ ಹೇಳಿದರೆ ಮಕ್ಕಳು ಬಿದ್ದು ಬಿದ್ದು ನಕ್ಕರು. ಅವರಲ್ಲೂ ಎಷ್ಟೋ ಜನರ ಅಮ್ಮಂದಿರ ತೋಳಲ್ಲಿ ಅದೇ ಕಲೆ. ಅವರು ಟೀಚರ್‌ಗಳನ್ನೆಲ್ಲ ಕರೆಯುವುದು 'ಮಿಸ್' ಅಂತಲೇ, ನಾವು ಕರೆದ ಹಾಗೆ. ಹದಿನೈದು ವರ್ಷದ ಮೇಲೆ ಆ ಪದ ಕಿವಿಗೆ ಬಿದ್ದಿತ್ತು.

ಗಣಿತ ಯಾರಿಗೂ ಬೇಕಾಗಿರಲಿಲ್ಲ. ಮೊದಲ ವಾರ ಬಂದ ಪ್ರಶ್ನೆಗಳೇ ಬೇರೆ, ರಾಜ್ಯದ ಎರಡು ಸರ್ಕಾರಿ ವಿಶ್ವವಿದ್ಯಾಲಯಗಳಾದ ಯುಸಿ, ಸಿಎಸ್‌ಯು ಬಗ್ಗೆ. ಯುಸಿ ಬೇರೆ, ಸಿಎಸ್‌ಯು ಬೇರೆನಾ? ಎರಡಕ್ಕೂ ಒಂದೇ ಅರ್ಜಿ ಸಾಕಾ? ಅರ್ಜಿ ಶುಲ್ಕ ಕಟ್ಟೋಕಾಗದಿದ್ದರೆ ಏನು ಮಾಡೋದು? ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ನಾನು ಪರೀಕ್ಷೆ ಬರೆದು, ರ್‍ಯಾಂಕ್ ಬಂದು, ಸೀಟು ಸಿಕ್ಕಿ ಓದಿದವಳು. ಒಂದು ಬಾಗಿಲು, ಒಂದು ಸಾಲು. ಇಲ್ಲಿ ಬಾಗಿಲುಗಳೇ ನೂರಾರು. ಒಂದೊಂದಕ್ಕೆ ಒಂದೊಂದು ಬೀಗ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯ ಅಂಕ ಇದ್ದರೆ ಸಾಕು ಅಂತ ಊರಿನ ಕಡೆ ಇನ್ನೂ ಅಂದುಕೊಂಡವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ, ಅಂದರೆ ಯುಸಿ, 2021ರಿಂದ ಪ್ರವೇಶಕ್ಕೆ ಆ ಅಂಕವನ್ನು ನೋಡುವುದೇ ಇಲ್ಲ. ಒಂಬತ್ತನೇ ಕ್ಲಾಸಿನಿಂದ ಯಾವ ಯಾವ ವಿಷಯ ತೆಗೆದುಕೊಂಡೆ, ಯಾವ ಗ್ರೇಡ್ ಬಂತು, ಶಾಲೆಯ ಹೊರಗೆ ಏನು ಮಾಡಿದೆ, ನಿನ್ನ ಬಗ್ಗೆ ನೀನೇ ಏನು ಬರೆದೆ, ಇವೆಲ್ಲ ಸೇರಿ ಲೆಕ್ಕ.

ಬೀಗ ಎಲ್ಲೆಲ್ಲಿರುತ್ತೆ ಅನ್ನೋದಕ್ಕೆ ಒಂದು ಉದಾಹರಣೆ. ಒಬ್ಬಳು ಹುಡುಗಿ ಹನ್ನೆರಡನೇ ಕ್ಲಾಸಿನ ಅಕ್ಟೋಬರ್‌ನಲ್ಲಿ ನನ್ನ ಹತ್ತಿರ ಬಂದಳು. ಒಳ್ಳೆಯ ಗ್ರೇಡ್‌ಗಳು. ಆದರೆ ಗಣಿತ ಎರಡೇ ವರ್ಷ ಓದಿದ್ದಳು. ಹೈಸ್ಕೂಲ್ ಪಾಸಾಗಲು ರಾಜ್ಯದ ನಿಯಮದ ಪ್ರಕಾರ ಎರಡು ವರ್ಷ ಸಾಕು. ರಾಜ್ಯದ್ದೇ ವಿಶ್ವವಿದ್ಯಾಲಯಕ್ಕೆ ಸೇರಲು ಮೂರು ಬೇಕು! ಎ ಟು ಜಿ ಅಂತ ಹದಿನೈದು ಕೋರ್ಸುಗಳ ಪಟ್ಟಿ ಇದೆ, ಪ್ರತಿಯೊಂದರಲ್ಲೂ ಕನಿಷ್ಠ ಸಿ ಗ್ರೇಡ್ ಬರಬೇಕು. ಅವಳಿಗೆ ಅದನ್ನು ಯಾರೂ ಹೇಳಿರಲಿಲ್ಲ, ಇಲ್ಲಾ ಹೇಳಿದ್ದು ಅವಳ ಕಿವಿಗೆ ಬಿದ್ದಿರಲಿಲ್ಲ. ಶಾಲೆಯಲ್ಲಿ ಇಂಥದ್ದನ್ನು ಹೇಳಬೇಕಾದ ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳಿಗಿಂತ ಜಾಸ್ತಿ ಇರಬಾರದು ಅನ್ನುತ್ತದೆ ಕೌನ್ಸೆಲರ್‌ಗಳದೇ ರಾಷ್ಟ್ರೀಯ ಸಂಘ. ಕ್ಯಾಲಿಫೋರ್ನಿಯಾದ ಸರಾಸರಿ ಅದಕ್ಕಿಂತ ಎಷ್ಟೋ ಮೇಲಿದೆ. ಅವರನ್ನು ಬೈದು ಪ್ರಯೋಜನವಿಲ್ಲ.

ಅವಳು ಕಮ್ಯುನಿಟಿ ಕಾಲೇಜಿಗೆ ಹೋದಳು. ಎರಡು ವರ್ಷ ಅಲ್ಲಿ ಓದಿ, ಆಮೇಲೆ ದೊಡ್ಡ ವಿಶ್ವವಿದ್ಯಾಲಯಕ್ಕೆ ದಾಟಿಕೊಳ್ಳುವ ದಾರಿ. ರಾಜ್ಯದಲ್ಲಿ ಅಂಥ 116 ಕಾಲೇಜುಗಳಿವೆ, ಅಲ್ಲಿಂದ ಬಂದವರಿಗೆ ಯುಸಿ ಆದ್ಯತೆಯನ್ನೂ ಕೊಡುತ್ತದೆ. ಆ ಹೆಸರು ಕೇಳಿದರೆ ಮೂಗು ಮುರಿಯುವುದು ನಮ್ಮವರ ಚಟ. ನಾನೂ ಮುರಿದವಳೇ. ಅವಳು ಮಾತ್ರ ಖುಷಿಯಾಗಿ ಹೋದಳು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಇದೇ ಊರಿನ ಪಶ್ಚಿಮಕ್ಕೆ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಮಗು ಎಂಟನೇ ಕ್ಲಾಸಿನಲ್ಲಿರುವಾಗಲೇ ಎ ಟು ಜಿ ಪಟ್ಟಿ ಹರಿದಾಡುತ್ತದೆ. ಪ್ರಬಂಧ ತಿದ್ದಲು ಗಂಟೆಗೆ ನೂರಾರು ಡಾಲರ್ ಕೊಟ್ಟು ಸಲಹೆಗಾರರನ್ನು ಇಡುತ್ತಾರೆ. ನನ್ನ ಮಗಳಿಗೂ ಇಟ್ಟಿದ್ದೆ. ಬುಧವಾರ ಸಂಜೆ ಲೈಬ್ರರಿಯಲ್ಲಿ ನಾನು ಹೇಳಿಕೊಡುತ್ತಿದ್ದ ಅರ್ಧ ವಿಷಯ ಆ ಸಲಹೆಗಾರರಿಂದ ಕಲಿತದ್ದೇ. ಮಗಳಿಗೆ ಕೊಟ್ಟ ದುಡ್ಡಿನಲ್ಲಿ ಇವರಿಗೂ ಪಾಠವಾಯಿತು ಅಂತ ಗಂಡ ತಮಾಷೆ ಮಾಡುತ್ತಾರೆ. ನನಗೆ ಅಷ್ಟು ನಗು ಬರುವುದಿಲ್ಲ.

ಇಂಥ ಸಹಾಯ ಈ ದೇಶಕ್ಕೆ ಹೊಸದೇನಲ್ಲ. ಬಡವರ ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸುವ ಅಪ್‌ವರ್ಡ್ ಬೌಂಡ್ ಯೋಜನೆ ಶುರುವಾಗಿದ್ದು ಅಧ್ಯಕ್ಷ ಲಿಂಡನ್ ಜಾನ್ಸನ್ ಕಾಲದಲ್ಲಿ, 1964ರ ಕಾಯ್ದೆಯಿಂದ. 1980ರಲ್ಲಿ ಸ್ಯಾನ್ ಡಿಯಾಗೋದ ಇಂಗ್ಲಿಷ್ ಟೀಚರ್ ಮೇರಿ ಕ್ಯಾಥರೀನ್ ಸ್ವಾನ್ಸನ್ ತಮ್ಮ ಶಾಲೆಯಲ್ಲಿ ಶುರು ಮಾಡಿದ ಅಂಥದ್ದೇ ಅವಿಡ್ ತರಗತಿ ಈಗ ದೇಶದ ತುಂಬ ಇದೆ. ನಾವು ಬುಧವಾರದವರು ಆ ದೊಡ್ಡ ಸಾಲಿನ ಬಾಲ.

ಹನ್ನೊಂದು ಜನರ ಮನೆಯ ಹುಡುಗನ ವಿಷಯಕ್ಕೆ ಬರುತ್ತೇನೆ. ಅವನು ಮೊದಲು ಬಂದದ್ದು ಹಿಂದಿನ ಅಕ್ಟೋಬರ್‌ನಲ್ಲಿ. ಬೂದು ಬಣ್ಣದ, ಟೋಪಿ ಇರುವ ಹೂಡಿ ಅಂಗಿ, ಬಿಸಿಲಿದ್ದರೂ ತೆಗೆಯುತ್ತಿರಲಿಲ್ಲ. ಹಲವು ಕಾಲೇಜುಗಳಿಗೆ ಒಟ್ಟಿಗೆ ಹಾಕುವ ಕಾಮನ್ ಆ್ಯಪ್ ಅನ್ನೋ ಅರ್ಜಿಯಲ್ಲಿ ಓದಿನ ಹೊರಗೆ ಏನೇನು ಮಾಡುತ್ತೀಯ ಎಂದು ಬರೆಯಲು ಹತ್ತು ಜಾಗ ಇರುತ್ತದೆ. ಅವನದು ಹತ್ತೂ ಖಾಲಿ.

"ನಾನು ಏನೂ ಮಾಡಲ್ಲ, ಮಿಸ್."

"ಶನಿವಾರ ಏನ್ ಮಾಡ್ತೀಯ?"

"ಅಪ್ಪನ ಜೊತೆ ಕೆಲಸಕ್ಕೆ ಹೋಗ್ತೀನಿ. ಅದು ಸುಮ್ನೆ, ಕೆಲಸ."

ಅಪ್ಪ ತೋಟದ ಕೆಲಸದವರು. ಕೆದಕಿ ಕೆದಕಿ ಕೇಳಿದ ಮೇಲೆ ಒಂದೊಂದಾಗಿ ಹೊರಬಂತು. ಹದಿಮೂರನೇ ವಯಸ್ಸಿನಿಂದ ಹೋಗುತ್ತಿದ್ದಾನೆ. ಮನೆ ಯಜಮಾನರ ಜೊತೆ ಇಂಗ್ಲಿಷ್ ಮಾತು ಇವನದು. ಅಂಗಳ ಸುತ್ತಿ ನೋಡಿ ಎಷ್ಟಾಗುತ್ತದೆ ಅಂತ ಅಂದಾಜು ಹೇಳುವುದು, ಬಿಲ್ ಬರೆದು ಫೋನಿನಲ್ಲಿ ಕಳಿಸುವುದು, ದುಡ್ಡು ಕೊಡದವರಿಗೆ ನೆನಪಿಸುವುದು ಎಲ್ಲ ಇವನೇ. ಆ ಅರ್ಜಿಯಲ್ಲಿ 'ಮನೆಯ ಜವಾಬ್ದಾರಿ' ಅಂತಲೇ ಒಂದು ಬಗೆ ಇದೆ, ಸಂಬಳದ ಕೆಲಸಕ್ಕೂ ಜಾಗವಿದೆ ಅಂತ ತೋರಿಸಿದೆ. ನಂಬಲಿಲ್ಲ. ಅವನೇ ಮೌಸ್ ಹಿಡಿದು ಪಟ್ಟಿ ಮೇಲೆ ಕೆಳಗೆ ಮಾಡಿ ನೋಡಿದ. ಒಂದೊಂದಕ್ಕೆ 150 ಅಕ್ಷರ ಮಾತ್ರ, ಖಾಲಿ ಜಾಗವೂ ಸೇರಿ. ಒಂದು ಸಂಜೆ ಪೂರ್ತಿ ಅಕ್ಷರ ಎಣಿಸುತ್ತಾ ಕೂತೆವು.

ಯುಸಿಗೆ ಎಂಟು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರ ಬರೆಯಬೇಕು, ತಲಾ ಹೆಚ್ಚೆಂದರೆ 350 ಪದ. ಅವನು ಒಂದರಲ್ಲಿ ತಾನು ಮಾಡಿದ ತಪ್ಪೊಂದನ್ನು ಬರೆದ. ಹಿತ್ತಲ ಇಳಿಜಾರನ್ನು ನೋಡದೆ ಒಂದು ಮನೆಗೆ ಕಡಿಮೆ ಅಂದಾಜು ಹೇಳಿಬಿಟ್ಟಿದ್ದ. ಅಪ್ಪ ಎರಡು ಭಾನುವಾರ ಜಾಸ್ತಿ ದುಡಿದು ಹೇಳಿದ ದುಡ್ಡಿಗೇ ಮುಗಿಸಿಕೊಟ್ಟರು. ಅಲ್ಲಿಗೆ ಬರಹ ನಿಂತಿತ್ತು. ನನ್ನ ಕೈ ತುರಿಸುತ್ತಿತ್ತು. "ಇದರಿಂದ ನೀನು ಏನು ಕಲಿತೆ ಅಂತ ಕೊನೆಗೆ ಬರಿ," ಅಂದೆ. ಸಲಹೆಗಾರರು ಹೇಳಿಕೊಟ್ಟ ಪಾಠ.

"ಅಪ್ಪ ಏನೂ ಹೇಳ್ಲಿಲ್ಲ, ಮಿಸ್. ನಾನ್ಯಾಕೆ ಹೇಳ್ಲಿ?"

ಹಾಗೇ ಕಳಿಸಿದ.

ಇನ್ನು ಫ್ಯಾಫ್ಸಾ. ಪ್ರತಿ ವರ್ಷ ಅಕ್ಟೋಬರ್ 1ಕ್ಕೆ ತೆರೆಯುತ್ತಿದ್ದ ಅರ್ಜಿಯನ್ನು ಸರಳ ಮಾಡುತ್ತೇವೆ ಅಂತ ಹೊರಟ ಸರ್ಕಾರ ಆ ಸಲ ತೆರೆದದ್ದು 2023ರ ಡಿಸೆಂಬರ್ ಕೊನೆಗೆ. ತೆರೆದ ಮೇಲೂ ಒಂದು ದೊಡ್ಡ ತೊಡಕು. ಅಪ್ಪ ಅಮ್ಮನಿಗೆ ಸೋಶಿಯಲ್ ಸೆಕ್ಯುರಿಟಿ ನಂಬರ್, ಅಂದರೆ ಸರ್ಕಾರ ಕೊಡುವ ಗುರುತಿನ ನಂಬರ್, ಇಲ್ಲದಿದ್ದರೆ ಅರ್ಜಿ ಮುಂದಕ್ಕೇ ಹೋಗುತ್ತಿರಲಿಲ್ಲ. ಇವನು ಹುಟ್ಟಿದ್ದು ಇಲ್ಲೇ, ಇಲ್ಲಿನ ಪ್ರಜೆ. ಅಪ್ಪ ಅಮ್ಮನಿಗೆ ಆ ನಂಬರ್ ಇರಲಿಲ್ಲ. ತೆರಿಗೆ ಮಾತ್ರ ವರ್ಷ ವರ್ಷ ಕಟ್ಟುತ್ತಾರೆ, ಅದಕ್ಕೆ ಬೇರೆ ನಂಬರ್ ಇದೆ. ಯಾಕೆ ಇಲ್ಲ ಎಂದು ನಾನು ಕೇಳಲಿಲ್ಲ. ಅದು ಕೇಳುವ ಪ್ರಶ್ನೆಯಲ್ಲ. ಗ್ರೀನ್ ಕಾರ್ಡಿನ ಸಾಲಿನಲ್ಲಿ ವರ್ಷಗಟ್ಟಲೆ ನಿಂತ ನನಗೆ ಕಾಗದದ ಭಯ ಗೊತ್ತು ಅಂದುಕೊಂಡಿದ್ದೆ. ಅವನ ಅಪ್ಪ ತೆರಿಗೆಯ ಕಾಗದಗಳನ್ನು ಪ್ಲಾಸ್ಟಿಕ್ ಕವರಿನಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು, ಕೊಡಲೋ ಬೇಡವೋ ಅಂತ ಒಂದು ಕ್ಷಣ ನಿಂತರು. ನನ್ನದು ಅಂಥ ಭಯವಲ್ಲ.

ಇದರ ಮೇಲೆ ನನ್ನದೊಂದು ಎಡವಟ್ಟು. ಫೋನಿಗೆ ಬರುವ ಕೋಡ್ ಬೇಗ ಸಿಗಲಿ ಅಂತ ಫ್ಯಾಫ್ಸಾದಲ್ಲಿ ಅಪ್ಪನ ಖಾತೆಗೆ ಮಗನ ಫೋನ್ ನಂಬರ್ ಹಾಕಿಸಿದೆ. ಒಂದು ನಂಬರಿಗೆ ಒಂದೇ ಖಾತೆ ಅನ್ನೋದು ಮಗನ ಖಾತೆ ತೆರೆಯಲು ಹೋದಾಗ ಗೊತ್ತಾಯಿತು. ಅದನ್ನು ಬಿಡಿಸಲು ಎಷ್ಟು ಸಂಜೆ ಸಹಾಯವಾಣಿಯ ಸಂಗೀತ ಕೇಳಿದೆನೋ! ನನ್ನ ಅತಿಬುದ್ಧಿಗೆ ಅವನ ಇಡೀ ವರ್ಷದ ದುಡ್ಡು ಹೋಗಬಹುದಿತ್ತು. ರಾಜ್ಯದ ಧನಸಹಾಯಕ್ಕೆ ಮಾರ್ಚ್ 2 ಕೊನೆಯ ದಿನ. ಆ ವರ್ಷದ ಗೊಂದಲ ನೋಡಿ ರಾಜ್ಯವೇ ಅದನ್ನು ಮುಂದೂಡಿತು. ಮಾರ್ಚ್ ಮಧ್ಯದಲ್ಲಿ ಅರ್ಜಿಯ ತೊಡಕನ್ನೂ ಸರಿಪಡಿಸಿದರು. ನಮ್ಮ ಅರ್ಜಿ ಒಳಗೆ ಹೋದದ್ದು ಅದಾದ ಮೇಲೆ.

ಎಷ್ಟು ಧನಸಹಾಯ ಸಿಗುತ್ತೆ ಅಂತ ಕಾಲೇಜುಗಳಿಂದ ಪತ್ರಗಳು ಬಂದಾಗ ಮೇಜಿನ ಮೇಲೆ ಹರಡಿಕೊಂಡು ಕೂತೆವು. ಹೊರರಾಜ್ಯದ ಒಂದು ಖಾಸಗಿ ಕಾಲೇಜು ಬಣ್ಣದ ಕಾಗದದಲ್ಲಿ ದೊಡ್ಡ ಮೊತ್ತ ಬರೆದು ಅಭಿನಂದನೆ ಹೇಳಿತ್ತು. ಕಾಗದವನ್ನು ಮೂರು ಪಾಲು ಮಾಡಿಸಿದೆ: ಸುಮ್ಮನೆ ಕೊಡುವ ದುಡ್ಡು, ವಾಪಸ್ ಕಟ್ಟಬೇಕಾದ ದುಡ್ಡು, ಕ್ಯಾಂಪಸ್ಸಿನಲ್ಲಿ ದುಡಿದು ಪಡೆಯುವ ದುಡ್ಡು. ಸಾಲವನ್ನೂ ಬಹುಮಾನದ ಪಟ್ಟಿಗೇ ಸೇರಿಸಿದ್ದರು. ಒಕ್ಕೂಟ ಸರ್ಕಾರ ಬಡ ವಿದ್ಯಾರ್ಥಿಗಳಿಗೆ ಕೊಡುವ ಪೆಲ್ ಗ್ರಾಂಟ್ ಆ ವರ್ಷ ಹೆಚ್ಚೆಂದರೆ 7,395 ಡಾಲರ್. ಉಳಿದದ್ದನ್ನು ಕೂಡಿಸಿ ಕಳೆದು ನೋಡಿ, ಹುಡುಗ ಬಣ್ಣದ ಕಾಗದ ಮಡಚಿ ಬ್ಯಾಗಿಗೆ ಹಾಕಿಕೊಂಡ. ಕೊನೆಗೆ ಉಳಿದದ್ದು ಎರಡು. ಮನೆಯಿಂದ ಬಸ್ಸಿನಲ್ಲಿ ಹೋಗಿಬರುವ ಸ್ಯಾನ್ ಹೋಸೆ ಸ್ಟೇಟ್ ವಿಶ್ವವಿದ್ಯಾಲಯ, ಇಲ್ಲವೇ ಎರಡು ಗಂಟೆ ದಾರಿಯ ಯುಸಿ ಮರ್ಸೆಡ್. ಮರ್ಸೆಡ್ 2005ರಲ್ಲಿ ಶುರುವಾದ ಕ್ಯಾಂಪಸ್, ಅಲ್ಲಿ ಹೆಚ್ಚಿನವರು ಮನೆಯಲ್ಲಿ ಮೊದಲ ಸಲ ಕಾಲೇಜು ಕಂಡವರೇ. ಮನೆಯಲ್ಲಿ ಹಾಸಿಗೆ ಇರುವಾಗ ಬೇರೆ ಕಡೆ ಮಲಗೋಕೆ ದುಡ್ಡು ಯಾಕೆ ಅಂದರು ಅಪ್ಪ. ಅವನು ಮಲಗುತ್ತಿದ್ದದ್ದು ಹಾಲ್‌ನ ಸೋಫಾ ಮೇಲೆ. ಅಮ್ಮ ಕೇಳಿದ್ದು ಒಂದೇ: ಅಲ್ಲಿ ಇವನಿಗೆ ಓದೋಕೆ ಮೇಜು ಕೊಡ್ತಾರಾ?

ಕೊಡ್ತಾರೆ ಅಂದೆ.

ಸೀಟು ಸಿಕ್ಕ ಮೇಲೂ ಬೇಸಿಗೆಯಲ್ಲೇ ಕರಗಿಹೋಗುವ ಮಕ್ಕಳಿದ್ದಾರೆ. ಇಲ್ಲಿನವರು ಅದಕ್ಕೆ 'ಸಮ್ಮರ್ ಮೆಲ್ಟ್' ಅನ್ನುತ್ತಾರೆ. ಶಾಲೆ ಮುಚ್ಚಿರುತ್ತದೆ, ಕೇಳಲು ಯಾರೂ ಇರುವುದಿಲ್ಲ, ಒಂದು ಬಿಲ್ ನೋಡಿ ಹೆದರಿ ಮನೆಯಲ್ಲೇ ಉಳಿದುಬಿಡುತ್ತಾರೆ. ಜುಲೈನಲ್ಲಿ ಇವನಿಂದ ಮೆಸೇಜ್ ಬಂತು. ಆರೋಗ್ಯ ವಿಮೆ ಅಂತ ಸಾವಿರ ಡಾಲರ್ ದಾಟಿದ ಬಿಲ್‌ನ ಫೋಟೋ. ಕೆಳಗೆ, "ಮಿಸ್, ಇದು ಕಟ್ಟಲೇಬೇಕಾ?" ಬೇಡ. ಅವನಿಗೆ ಆಗಲೇ ಸರ್ಕಾರಿ ವಿಮೆ ಇದೆ. ಇದೆ ಅಂತ ಒಂದು ಫಾರಂ ತುಂಬಿದರೆ ಬಿಲ್ ಹೋಗುತ್ತದೆ. ಸಿಟಿ ಲೈಬ್ರರಿಯಲ್ಲಿ ಕೂತು ಹತ್ತು ನಿಮಿಷದಲ್ಲಿ ತುಂಬಿದೆವು. ಆಗಸ್ಟ್‌ನಲ್ಲಿ ಅಪ್ಪ ಕೆಲಸದ ಟ್ರಕ್ಕಿನಲ್ಲೇ ಬಿಟ್ಟುಬಂದರು. ಹಿಂದುಗಡೆ ಹುಲ್ಲು ಕತ್ತರಿಸುವ ಯಂತ್ರ, ಅದರ ಪಕ್ಕ ಇವನ ಸೂಟ್‌ಕೇಸ್.

ಫ್ಯಾಫ್ಸಾ ಪ್ರತಿ ವರ್ಷ ಹೊಸದಾಗಿ ತುಂಬಬೇಕು. ಆ ನವೆಂಬರ್ ಕೊನೆಗೆ ಫೋನ್ ಮಾಡಿದ. ಎಲ್ಲ ಅವನೇ ತುಂಬಿದ್ದ. ಅಪ್ಪನ ಖಾತೆಗೆ ಅಪ್ಪನದೇ ನಂಬರ್ ಇದೆ ಅಂತ ಒತ್ತಿ ಹೇಳಿದ, ಕಳ್ಳ. ಒಂದೇ ಒಂದು ಕಡೆ ಕೈ ನಿಂತಿತ್ತು.

"ಮನೇಲಿ ಎಷ್ಟು ಜನ ಅಂತ ಕೇಳ್ತಿದೆ, ಮಿಸ್. ನಾನು ಈಗ ಇಲ್ಲಿದ್ದೀನಲ್ಲ. ನಾನು ಲೆಕ್ಕಕ್ಕೆ ಇದ್ದೀನಾ?"

"ಇದ್ದೀಯ," ಅಂದೆ. "ಐದು ಅಂತಲೇ ಹಾಕು."