ಕೈಗೆ ಬಂದ ಕೆಲಸ ಬೇಡ ಅಂದಿದ್ದು ಯಾಕೆ?

ಚಿಕ್ಕಮ್ಮ ಕೇಳಿದರು, ಜೊತೆಗೆ ಓದಿದವರು ಕೇಳಿದರು, ಹಳೆಯ ಆಫೀಸಿನವರೂ ಫೋನ್ ಮಾಡಿ ಕೇಳಿದರು: "ಐದು ತಿಂಗಳು ಕೆಲಸವಿಲ್ಲದೆ ಮನೆಯಲ್ಲಿದ್ದೆ. ಆ ಕಂಪನಿಯವರಾಗೇ ಬಾ ಅಂತ ಕರೆದರೂ ಹೋಗಲಿಲ್ಲವಂತೆ, ಯಾಕೆ?" ಕೇಳಿದವರಿಗೆಲ್ಲ ಒಂದೊಂದು ತುಂಡು ಉತ್ತರ ಕೊಟ್ಟು ಸುಮ್ಮನಾಗಿದ್ದೇನೆ. ನಡೆದದ್ದನ್ನು ಪೂರ್ತಿಯಾಗಿ ಇಲ್ಲಿ ಬರೆಯುತ್ತೇನೆ.

ನಾನು ಅಕೌಂಟ್ಸ್ ಕೆಲಸದವಳು. ಇಂಟರ್ವ್ಯೂ ಹತ್ತು ಗಂಟೆಗೆ ಎಂದು ಇಮೇಲ್ ಬಂದಿತ್ತು, ಹನ್ನೊಂದಕ್ಕೆ ಎಂದು ಮೆಸೇಜ್ ಬಂದಿತ್ತು. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ತಡವಾಗುವುದು ಬೇಡವೆಂದು ಒಂಬತ್ತೂ ಮುಕ್ಕಾಲಿಗೇ ಹೋದೆ. ರಿಸೆಪ್ಷನ್‌ನಲ್ಲಿದ್ದ ಹುಡುಗಿಯ ಪಟ್ಟಿಯಲ್ಲಿ ನನ್ನ ಹೆಸರೇ ಇರಲಿಲ್ಲ. ಅವಳು ಮೂರು ಕಡೆ ಫೋನ್ ಮಾಡಿ ವಿಚಾರಿಸಿದಳು, ನೀರು ತಂದುಕೊಟ್ಟಳು, ತನ್ನದಲ್ಲದ ತಪ್ಪಿಗೆ ಎರಡೆರಡು ಸಲ ಕ್ಷಮೆ ಕೇಳಿದಳು. ಆ ಆಫೀಸಿನಲ್ಲಿ ನನ್ನನ್ನು ಮನುಷ್ಯಳಂತೆ ನೋಡಿದ್ದು ಅವಳೊಬ್ಬಳೇ. ಒಳಗೆ ಕರೆದಾಗ ಹನ್ನೊಂದೂವರೆ ದಾಟಿತ್ತು.

ಕಾಯಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಯಾವ ಆಫೀಸಿನಲ್ಲೂ ಬೆಳಿಗ್ಗೆ ಏನೋ ಒಂದು ಎಡವಟ್ಟಾಗುತ್ತದೆ. ಆದರೆ ಮೊದಲು ಮಾತಾಡಿಸಿದವರು ಹತ್ತು ನಿಮಿಷ ನನ್ನ ಸೇಲ್ಸ್ ಅನುಭವದ ಬಗ್ಗೆ ಕೇಳಿದರು. ನಾನು ಸೇಲ್ಸ್‌ನಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ. ನೋಡಿದರೆ ಅವರ ಮುಂದಿದ್ದುದು ಬೇರೆ ಯಾರದೋ ರೆಸ್ಯೂಮ್. ಹೇಳಿದೆ. "ಓ, ಹೌದಾ" ಎಂದು ಅದನ್ನು ಮಗುಚಿಟ್ಟು, "ಸರಿ, ನಿಮ್ಮ ಬಗ್ಗೆ ಹೇಳಿ" ಎಂದರು.

ಆಮೇಲೆ ಇನ್ನಿಬ್ಬರು ಬಂದರು. ಒಬ್ಬರ ಪ್ರಕಾರ ನನ್ನ ಕೆಲಸ ತಿಂಗಳ ಕೊನೆಯ ಲೆಕ್ಕ ಮುಗಿಸುವುದು. ಇನ್ನೊಬ್ಬರ ಪ್ರಕಾರ ಗ್ರಾಹಕರ ಬಾಕಿ ವಸೂಲಿ. ಹಾಗಾದರೆ ನಾನು ಯಾರಿಗೆ ರಿಪೋರ್ಟ್ ಮಾಡಬೇಕು ಎಂದು ಕೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ಅದೆಲ್ಲ ಸೇರಿದ ಮೇಲೆ ಗೊತ್ತಾಗುತ್ತೆ."

ನನ್ನ ಉತ್ತರದ ಜೀವ ಇರುವುದು ಈ ಮಾತಿನಲ್ಲಿ. ಲೆಕ್ಕದ ಕೆಲಸ ನಿಂತಿರುವುದೇ ಯಾರ ಕೆಲಸ ಯಾರದು ಎಂಬುದರ ಮೇಲೆ. ವೋಚರ್, ಅಂದರೆ ಹಣದ ವಹಿವಾಟಿನ ಚೀಟಿ, ಬರೆಯುವವರು ಒಬ್ಬರು, ಮಂಜೂರು ಮಾಡುವವರು ಇನ್ನೊಬ್ಬರು, ಬ್ಯಾಂಕ್ ಲೆಕ್ಕದ ಜೊತೆ ತಾಳೆ ನೋಡುವವರು ಮತ್ತೊಬ್ಬರು. ಈ ಮೂರೂ ಒಂದೇ ಕೈಗೆ ಬಂದರೆ ತಪ್ಪು ನಡೆದರೂ ಕಾಣುವುದಿಲ್ಲ, ಕಳ್ಳತನ ನಡೆದರೂ ಕಾಣುವುದಿಲ್ಲ. ಯಾರ ಸಹಿ ಬೇಕೆಂದು ಯಾರಿಗೂ ಗೊತ್ತಿಲ್ಲದ ಕಡೆ ಒಂದು ದಿನ ಹಣದ ವ್ಯತ್ಯಾಸ ಬಂದೇ ಬರುತ್ತದೆ. ಬಂದ ದಿನ ಎಲ್ಲರ ಕಣ್ಣೂ ಹೊಸದಾಗಿ ಸೇರಿದವರ ಮೇಲೆ ಬೀಳುತ್ತದೆ. ಹಿಂದೆ ಒಂದು ಕಡೆ ನನ್ನ ಪಕ್ಕದ ಟೇಬಲ್‌ನಲ್ಲಿದ್ದವರಿಗೆ ಹೀಗೇ ಆಯಿತು. ಅವರು ಒಂದು ಪೈಸೆ ಮುಟ್ಟಿದವರಲ್ಲ. ಆದರೆ ಮಂಜೂರಾತಿ ಬರೀ ಬಾಯಿಮಾತಿನದಾಗಿತ್ತು, ಕೊನೆಗೆ ಬಾಯಿಯೂ ಸುಮ್ಮನಾಯಿತು. ಅವರು ಅಳುತ್ತಾ ಟೇಬಲ್ ಖಾಲಿ ಮಾಡಿದ್ದನ್ನು ನಾನು ಮರೆತಿಲ್ಲ.

"ಇಂಟರ್ವ್ಯೂ ಅಷ್ಟೇ ತಾನೆ, ಅದನ್ನು ನೋಡಿ ಕಂಪನಿಯನ್ನೇ ಅಳೆಯಬಹುದಾ?" ಎಂದು ಗೆಳತಿ ಕೇಳಿದಳು. ನ್ಯಾಯವಾದ ಪ್ರಶ್ನೆ. ಆದರೆ ಅಲ್ಲಿನ ಮುಖ್ಯಸ್ಥರು ನನ್ನನ್ನು ಅಳೆದದ್ದು ಅದಕ್ಕಿಂತ ಕಡಿಮೆ ಹೊತ್ತಿನಲ್ಲಿ. ಎರಡು ನಿಮಿಷ ಅದೂ ಇದೂ ಮಾತಾಡಿ, "ನನಗೆ ಮನುಷ್ಯರನ್ನು ನೋಡಿದರೆ ಸಾಕು, ಗೊತ್ತಾಗುತ್ತೆ" ಎಂದರು. 2013ರಲ್ಲಿ ಜೇಸನ್ ಡಾನಾ ಮತ್ತು ಜೊತೆಗಾರರು ಪ್ರಕಟಿಸಿದ ಒಂದು ಅಧ್ಯಯನವಿದೆ. ವಿದ್ಯಾರ್ಥಿಗಳು ತಮ್ಮಂಥವರನ್ನೇ ಸಂದರ್ಶಿಸಿ ಅವರ ಮುಂದಿನ ಅಂಕಗಳನ್ನು ಊಹಿಸಬೇಕಿತ್ತು. ಎದುರಿಗೆ ಕೂತ ಕೆಲವರು ಹೌದು, ಇಲ್ಲ ಎಂಬ ಉತ್ತರಗಳನ್ನು ಪ್ರಶ್ನೆಯ ಅರ್ಥಕ್ಕೆ ಸಂಬಂಧವೇ ಇಲ್ಲದ ಒಂದು ಗುಟ್ಟಿನ ನಿಯಮದಂತೆ ಹೇಳುತ್ತಿದ್ದರು. ಕೇಳುವವರಿಗೆ ಅದು ಗೊತ್ತೇ ಆಗಲಿಲ್ಲ. ಅಂಥವರ ಜೊತೆ ಮಾತಾಡಿಯೂ, ಇವರು ಎಂಥವರೆಂದು ತಿಳಿಯಿತು ಅಂದುಕೊಂಡರು. ಬರೀ ಹಳೆಯ ಅಂಕ ನೋಡಿ ಊಹಿಸಿದ್ದರೆ ಇನ್ನೂ ಸರಿಯಾಗಿರುತ್ತಿತ್ತು. ಇಸ್ರೇಲ್ ಸೇನೆಗಾಗಿ 1955ರ ಸುಮಾರಿಗೆ ಮನೋವಿಜ್ಞಾನಿ ಡೇನಿಯಲ್ ಕಾನ್‌ಮನ್ ರೂಪಿಸಿದ ಸಂದರ್ಶನದಲ್ಲಿ ಅಳೆಯಬೇಕಾದ ಆರು ಗುಣಗಳಿದ್ದವು, ಒಂದಕ್ಕೆ ಅಂಕ ಬರೆದ ಮೇಲೆಯೇ ಮುಂದಿನದು. ಅಷ್ಟೆಲ್ಲ ನಾನು ಕೇಳುತ್ತಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳಿ, ಉತ್ತರ ಬರೆದಿಟ್ಟುಕೊಳ್ಳಿ, ಆ ಕಾಗದ ಮುಂದಿನವರಿಗೆ ಕೊಡಿ. ಇದಕ್ಕೆ ದುಡ್ಡು ಖರ್ಚಾಗುವುದಿಲ್ಲ.

ಅಲ್ಲಿ ಯಾರೂ ಏನನ್ನೂ ಬರೆದುಕೊಳ್ಳಲಿಲ್ಲ. ಅದಕ್ಕೇ ಬುಧವಾರ ಮತ್ತೆ ಕರೆಸಿ "ನಿಮ್ಮ ಬಗ್ಗೆ ಹೇಳಿ" ಎಂದು ಮೊದಲಿನಿಂದ ಶುರು ಮಾಡಿದರು. ಎಕ್ಸೆಲ್ ಪರೀಕ್ಷೆಗೆಂದು ಒಂದು ಕಂಪ್ಯೂಟರ್ ಮುಂದೆ ಕೂರಿಸಿದರು. ಅದರ ಪಾಸ್‌ವರ್ಡ್ ಯಾರಿಗೂ ಗೊತ್ತಿರಲಿಲ್ಲ. ಅರ್ಧ ಗಂಟೆ ಕೂತು ಎದ್ದು ಬಂದೆ. ಆಮೇಲೆ ಹನ್ನೊಂದು ದಿನ ಸುದ್ದಿಯಿಲ್ಲ. ನಾನು ಕಳಿಸಿದ ಎರಡು ಇಮೇಲ್‌ಗೂ ಉತ್ತರವಿಲ್ಲ. ಕೆಲಸ ಹುಡುಕುವವರಿಗೆ ಆ ಹನ್ನೊಂದು ದಿನ ಎಂಥದು ಎಂದು ಕೆಲಸ ಕೊಡುವವರು ಒಂದು ಸಲ ಯೋಚಿಸಬೇಕು. ಫೋನ್ ಬಿಟ್ಟು ಸ್ನಾನಕ್ಕೆ ಹೋಗಲೂ ಭಯವಾಗುತ್ತದೆ. "ನಿಮ್ಮನ್ನು ತೆಗೆದುಕೊಳ್ಳುತ್ತಿಲ್ಲ" ಎಂಬ ಒಂದು ಸಾಲು ಬಂದಿದ್ದರೂ ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ಹನ್ನೆರಡನೆಯ ದಿನ ರಾತ್ರಿ ಒಂಬತ್ತು ಗಂಟೆಗೆ ಫೋನ್ ಬಂತು. "ಸೆಲೆಕ್ಟ್ ಆಗಿದ್ದೀರಿ, ನಾಳೆಯಿಂದಲೇ ಬನ್ನಿ." ಕೈ ನಡುಗಿತು. ಹೂಂ ಅಂದುಬಿಡೋಣ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಆದರೂ ಹುದ್ದೆ ಯಾವುದು, ಯಾರ ಕೈಕೆಳಗೆ, ಸಂಬಳ ಎಷ್ಟು, ಆಫರ್ ಲೆಟರ್ ಕಳಿಸುತ್ತೀರಾ ಎಂದು ಕೇಳಿದೆ.

"ಲೆಟರ್ ಎಲ್ಲ ಆಮೇಲೆ ನೋಡೋಣ ಮೇಡಂ. ನಿಮ್ಮ ಸೇಲ್ಸ್ ಅನುಭವ ನಮ್ಮ ಸರ್‌ಗೆ ತುಂಬಾ ಹಿಡಿಸಿದೆ."

ಅದು ನಾನಲ್ಲ ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಪರವಾಗಿಲ್ಲ, ನೀವೇ ಬನ್ನಿ" ಎಂದರು.

ಬರುವುದಿಲ್ಲ ಎಂದು ಹೇಳಿದೆ. ಮೊದಲ ದಿನ ಮೇಜಿನ ಮೇಲೆ ಮಗುಚಿಟ್ಟ ಆ ರೆಸ್ಯೂಮ್ ಹುಡುಕಿ, ಅದರ ಮೇಲಿರುವ ನಂಬರಿಗೆ ಇವತ್ತೇ ಫೋನ್ ಮಾಡಿ, ಅವರೂ ಕಾಯುತ್ತಿರುತ್ತಾರೆ ಎಂದು ಹೇಳಿ ಫೋನ್ ಇಟ್ಟೆ.