ನಿಜಾಮನ ವಕೀಲ ವಾಲ್ಟರ್ ಮಾಂಕ್ಟನ್

ಸೆಪ್ಟೆಂಬರ್ 17, ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಶರಣಾದ ದಿನ, ಬಂತೆಂದರೆ ರಾಯಚೂರು, ಕೊಪ್ಪಳದ ಭಾಷಣಗಳಲ್ಲಿ ಪಟೇಲರು, ನಿಜಾಮನ ಪರ ನಿಂತ ರಜಾಕಾರ ಪಡೆಯ ಮುಖಂಡ ಖಾಸಿಂ ರಜ್ವಿ, ನಿಜಾಮನ ವಿರುದ್ಧ ಹೋರಾಡಿದ ಮುಂಡರಗಿ ಶಿಬಿರ, ಅಳವಂಡಿ ಶಿವಮೂರ್ತಿಸ್ವಾಮಿ ಎಲ್ಲರೂ ಬರುತ್ತಾರೆ. ವಾಲ್ಟರ್ ಮಾಂಕ್ಟನ್ ಹೆಸರು ಮಾತ್ರ ಬರುವುದಿಲ್ಲ. 1948ರಲ್ಲಿ ಭಾರತದ ಸೇನೆ ನಡೆಸಿದ ಪೊಲೀಸ್ ಕಾರ್ಯಾಚರಣೆಗೆ ಮುಂಚಿನ ತಿಂಗಳುಗಳಲ್ಲಿ, ನಿಜಾಮನ ಆಳ್ವಿಕೆಯಲ್ಲಿದ್ದ ನಮ್ಮ ಎರಡೂ ಜಿಲ್ಲೆಗಳ ಹಣೆಬರಹ ನಿಂತಿದ್ದು ಈ ಇಂಗ್ಲಿಷ್ ವಕೀಲ ಕೂತು ತಿದ್ದಿದ ಒಂದು ಕಾಗದದ ಮೇಲೆ. (ಬಳ್ಳಾರಿಯವರು ಆಗ ಮದ್ರಾಸ್ ಪ್ರಾಂತದವರು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371(ಜೆ) ವಿಧಿ ಅವರನ್ನು ನಮ್ಮ ಸಾಲಿಗೆ ಸೇರಿಸಿದ್ದು ಬಹಳ ತಡವಾಗಿ.)

1891ರಲ್ಲಿ ಕೆಂಟ್‌ನಲ್ಲಿ ಹುಟ್ಟಿದ ಮಾಂಕ್ಟನ್ ಬ್ಯಾರಿಸ್ಟರ್. 1936ರಲ್ಲಿ ಎಂಟನೇ ಎಡ್ವರ್ಡ್ ಪಟ್ಟ ಬಿಡುವಾಗ ಅರಸನಿಗೂ ಪ್ರಧಾನಿ ಬಾಲ್ಡ್ವಿನ್‌ಗೂ ನಡುವೆ ಮಾತು ಒಯ್ದು ತಂದವನು ಈತನೇ. ಕೆಲಸ ಮಾಡಿದ್ದು ಹೋಗುವ ದೊರೆಗೆ, ಆದರೂ ಬಂದ ದೊರೆ ಮುಂದಿನ ತಿಂಗಳೇ ‘ಸರ್’ ಪದವಿ ಕೊಟ್ಟ. ಎರಡೂ ಕಡೆಯವರ ಕೈಯಲ್ಲಿ ಒಳ್ಳೆಯವನೆನಿಸಿಕೊಳ್ಳುವುದೇ ಅವನ ನಿಜವಾದ ಬಂಡವಾಳ. ಹೈದರಾಬಾದ್ ನಿಜಾಮನಿಗೆ 1930ರ ದಶಕದಿಂದಲೇ ಸಲಹೆ ಕೊಡುತ್ತಿದ್ದ.

1947ರಲ್ಲಿ ನಿಜಾಮನಿಗೆ ಬೇಕಿದ್ದದ್ದು ಸ್ವಾತಂತ್ರ್ಯ, ದೆಹಲಿಗೆ ಬೇಕಿದ್ದದ್ದು ಸೇರ್ಪಡೆ. ಮಾಂಕ್ಟನ್ ತಿದ್ದಿದ ಆ ಕಾಗದ, ಅಂದರೆ ಯಥಾಸ್ಥಿತಿ ಒಪ್ಪಂದದ ಜಾಣತನ ಇರುವುದು ‘ಸೇರ್ಪಡೆ’ ಎಂಬ ಮಾತನ್ನೇ ಎತ್ತದಿರುವುದರಲ್ಲಿ. ಇರುವುದು ಐದೇ ಕಲಮು. ವಿದೇಶಾಂಗ, ರಕ್ಷಣೆ, ಸಂಪರ್ಕದ ವಿಷಯದಲ್ಲಿ ಬ್ರಿಟಿಷರ ಜೊತೆ ಇದ್ದ ಏರ್ಪಾಡೇ ಮುಂದುವರಿಯುತ್ತದೆ. ಯುದ್ಧಕಾಲದಲ್ಲಿ, ಅದೂ ನಿಜಾಮನ ಒಪ್ಪಿಗೆ ಇದ್ದರೆ ಮಾತ್ರ, ಭಾರತದ ಸೇನೆ ಅಲ್ಲಿ ಬೀಡುಬಿಡಬಹುದು. ಎರಡೂ ಕಡೆ ಒಬ್ಬೊಬ್ಬ ಏಜೆಂಟ್. ಭಾರತದ ಪರವಾಗಿ ಹೈದರಾಬಾದಿಗೆ ಬಂದವರು ಕೆ. ಎಂ. ಮುನ್ಷಿ. ಸಾರ್ವಭೌಮತ್ವದ ಹಕ್ಕು ಯಾರಿಗೂ ಹೊಸದಾಗಿ ಹುಟ್ಟುವುದಿಲ್ಲ. ತಕರಾರು ಬಂದರೆ ಇಬ್ಬರು ಪಂಚರು, ಅವರು ಆರಿಸಿದ ಒಬ್ಬ ಅಂಪೈರ್. ಅವಧಿ ಒಂದು ವರ್ಷ.

ನಿಜಾಮ ಅಕ್ಟೋಬರ್ ಕೊನೆಯಲ್ಲಿ ಒಪ್ಪಿದ, ಆದರೆ ಸಹಿಯನ್ನು ಮರುದಿನಕ್ಕೆ ತಳ್ಳಿದ. ಅಷ್ಟೇ ಸಾಕಾಯಿತು. 27ರ ಬೆಳಗಿನ ಜಾವ ರಜ್ವಿಯ ಪಕ್ಷವಾದ ಇತ್ತೆಹಾದ್‌ನ ಗುಂಪು ನಿಯೋಗದಲ್ಲಿದ್ದ ಮಾಂಕ್ಟನ್, ದಿವಾನ ಛತಾರಿ ನವಾಬ, ಸರ್ ಸುಲ್ತಾನ್ ಅಹ್ಮದ್ ಅವರ ಮನೆಗಳನ್ನು ಮುತ್ತಿತು. ದೆಹಲಿಗೆ ಹೊರಡಬೇಕಿದ್ದ ನಿಯೋಗ ಹೊರಡಲೇ ಇಲ್ಲ. ರಾಜೀನಾಮೆಗಳಾದವು, ಹೊಸ ನಿಯೋಗ ಹೋಯಿತು, ಹೆಚ್ಚುಕಡಿಮೆ ಅದೇ ಕರಡು ತಂದಿತು. ನವೆಂಬರ್ 29ಕ್ಕೆ ಸಹಿ ಬಿತ್ತು. ಒಂದು ತಿಂಗಳಲ್ಲಿ ಬದಲಾದದ್ದು ಕಾಗದವಲ್ಲ, ಅದನ್ನು ನಡೆಸುವ ಜನ.

ಕೆಟ್ಟದ್ದು ಅಲ್ಲಿಯೇ. ಹೈದರಾಬಾದ್ ಸರ್ಕಾರ ಪಾಕಿಸ್ತಾನಕ್ಕೆ 20 ಕೋಟಿ ಸಾಲ ಕೊಟ್ಟಿತು, ಚಿನ್ನ–ಬೆಳ್ಳಿ ಹೊರಗೆ ಹೋಗದಂತೆ ತಡೆಯಿತು, ಭಾರತದ ನಾಣ್ಯ ತನ್ನ ಸೀಮೆಯಲ್ಲಿ ಚಲಾವಣೆಯಲ್ಲಿಲ್ಲ ಎಂದಿತು. ಈ ಮೂರನೆಯದರ ಬಿಸಿ ತಟ್ಟುವುದು ನದಿ ದಡದಲ್ಲಿ: ಮುನಿರಾಬಾದ್ ಕಡೆ ನಿಜಾಮನ ರೂಪಾಯಿಯಾದ ಹಾಲಿ ಸಿಕ್ಕಾ, ತುಂಗಭದ್ರೆ ದಾಟಿದರೆ ಹೊಸಪೇಟೆಯಲ್ಲಿ ಭಾರತದ ರೂಪಾಯಿಯಾದ ಕಲ್ದಾರ್. ಹಾಲಿ 7 ಕೊಟ್ಟರೆ ಕಲ್ದಾರ್ 6. ಎರಡೂ ಚೀಲ ಇಟ್ಟುಕೊಂಡೇ ವ್ಯಾಪಾರ ಮಾಡುವ ಗಡಿಯಲ್ಲಿ ಒಂದು ಚೀಲಕ್ಕೆ ಗಂಟು ಹಾಕಿದಂತೆ. ಆ ಕಡೆ ಭಾರತ ಸರಕು ತಡೆಯುತ್ತಿದೆ ಎಂದು ಹೈದರಾಬಾದಿನ ದೂರು. ಪಂಚರ ಕಲಮು ಕಾಗದದಲ್ಲೇ ಉಳಿಯಿತು.

1948ರ ಜೂನ್‌ನಲ್ಲಿ ಮಾಂಕ್ಟನ್, ಗವರ್ನರ್ ಜನರಲ್ ಮೌಂಟ್‌ಬ್ಯಾಟನ್ ಇನ್ನೊಂದು ಕರಡು ಮಾಡಿದರು: ರಾಜ್ಯದ ಸೇನೆಗೆ 20,000ದ ಮಿತಿ, ಜನರಿಗೆ ಉತ್ತರ ಕೊಡುವ ಜವಾಬ್ದಾರಿ ಸರ್ಕಾರ, ಸೇರ್ಪಡೆಗೆ ಜನಮತಗಣನೆ. ಆ ಹೊತ್ತಿಗೆ ಅದಕ್ಕಿಂತ ಒಳ್ಳೆಯ ಷರತ್ತು ನಿಜಾಮನಿಗೆ ಸಿಗುತ್ತಿರಲಿಲ್ಲ. ಆತ ಬೇಡವೆಂದ. ಸೆಪ್ಟೆಂಬರ್ 13ಕ್ಕೆ ಸೇನೆ ಒಳಬಂತು, 17ಕ್ಕೆ ಶರಣಾಗತಿ. ಕರಡಿನಲ್ಲಿ ಲೋಪ ಹುಡುಕುವವರಿದ್ದಾರೆ. ನನ್ನ ಪ್ರಕಾರ ಲೋಪ ಕಕ್ಷಿದಾರನದು. ಅವನ ಒಪ್ಪಿಗೆಗೆ ರಜಾಕಾರರ ಒಪ್ಪಿಗೆ ಬೇಕಿತ್ತು.

ಮಾಂಕ್ಟನ್ ಮುಂದೆ ರಾಜಕೀಯಕ್ಕೇ ಇಳಿದ. 1951ರಲ್ಲಿ ಬ್ರಿಸ್ಟಲ್ ವೆಸ್ಟ್ ಉಪಚುನಾವಣೆ ಗೆದ್ದು, ಅದೇ ವರ್ಷ ಚರ್ಚಿಲ್ ಸಂಪುಟದಲ್ಲಿ ಕಾರ್ಮಿಕ ಸಚಿವ. ಅಲ್ಲಿ ಅವನ ವಿದ್ಯೆ ನಡೆಯಿತು, ಏಕೆಂದರೆ ಕಾರ್ಮಿಕ ಸಂಘದ ಮುಖಂಡ ಸರಿ ಎಂದರೆ ಮುಷ್ಕರ ನಿಲ್ಲುತ್ತಿತ್ತು. ಅದರ ಬೆಲೆಯನ್ನು ಸಂಬಳ ಏರಿಕೆಯ ರೂಪದಲ್ಲಿ ತೆರಬೇಕಾಯಿತು, ಅದಕ್ಕೆ ಟೀಕೆಯೂ ಬಂತು. 1955ರ ಕೊನೆಗೆ ರಕ್ಷಣಾ ಸಚಿವನಾದ, ಸೂಯೆಜ್ ಕಾಲುವೆಗಾಗಿ ಈಜಿಪ್ಟ್ ಮೇಲೆ ದಾಳಿ ಮಾಡುವ ಯೋಜನೆ ಮನಸ್ಸಿಗೆ ಒಗ್ಗದೆ ಆ ಖಾತೆ ಬಿಟ್ಟ, ಆದರೆ ಸಂಪುಟ ಬಿಡಲಿಲ್ಲ. ಇದು ಅವನ ವೃತ್ತಿಯ ದುರ್ಬಲ ಗಳಿಗೆ.

1959ರಲ್ಲಿ ಮಧ್ಯ ಆಫ್ರಿಕಾದ ರೊಡೇಶಿಯಾ–ನ್ಯಾಸಾಲ್ಯಾಂಡ್ ಒಕ್ಕೂಟದ ಭವಿಷ್ಯ ಪರಿಶೀಲಿಸುವ ಆಯೋಗಕ್ಕೆ ಅವನೇ ಅಧ್ಯಕ್ಷ. ಈ ಸಲ ಮುಖ್ಯ ಪ್ರಶ್ನೆಯನ್ನು ಮುಂದೂಡಲಿಲ್ಲ: ಇದ್ದ ರೂಪದಲ್ಲಿ ಒಕ್ಕೂಟ ಉಳಿಯದು, ಬಿಟ್ಟುಹೋಗುವ ಹಕ್ಕಿನ ಮಾತೂ ಬರಬೇಕು ಎಂದು 1960ರ ವರದಿಯಲ್ಲಿ ಬರೆಸಿದ. 1963ರ ಕೊನೆಯ ದಿನ ಒಕ್ಕೂಟ ವಿಸರ್ಜನೆಯಾಯಿತು.