ನನ್ನ ಓಟು ಭದ್ರಾವತಿಗೆ

ಮಲೆನಾಡಿಗೆ ಒಂದು ರಗ್ಬಿ ಲೀಗ್ ತಂಡ ಬಂದರೆ ಅದರ ಊರು ಯಾವುದಾಗಬೇಕು? ಶಿವಮೊಗ್ಗವೋ, ಸಾಗರವೋ, ತೀರ್ಥಹಳ್ಳಿಯೋ? ಕಳೆದ ಮಳೆಗಾಲದಲ್ಲಿ ನಾವು ಇಡೀ ಮಧ್ಯಾಹ್ನ ಇದನ್ನೇ ಮಾತಾಡಿದೆವು. ನನ್ನ ಉತ್ತರ ಅವತ್ತೂ ಭದ್ರಾವತಿ, ಇವತ್ತೂ ಭದ್ರಾವತಿ.

ತೀರ್ಥಹಳ್ಳಿ ಹತ್ತಿರ ನೆಂಟರ ಊರಲ್ಲಿ ಕೆಸರುಗದ್ದೆ ಆಟ ಇಟ್ಟುಕೊಂಡಿದ್ದರು. ಪರ್ತ್‌ನಲ್ಲಿ ಕೆಲಸ ಮಾಡುವ ಚಿಕ್ಕಪ್ಪನ ಮಗ ರಜೆಗೆ ಬಂದಿದ್ದ, ಅವನನ್ನೂ ಕರೆದುಕೊಂಡು ಹೋಗಿದ್ದೆ. ಮಳೆ ಬಿಟ್ಟಿರಲಿಲ್ಲ. ಮೊಣಕಾಲುದ್ದ ಕೆಸರಲ್ಲಿ ಹುಡುಗರು ಸೊಂಟಕ್ಕೆ ಕೈ ಹಾಕಿ ಎದುರಾಳಿಯನ್ನು ಕೆಡವುತ್ತಿದ್ದರು. "ಅಣ್ಣ, ಇವ್ರ ಕೈಗೆ ಒಂದು ರಗ್ಬಿ ಚೆಂಡು ಕೊಟ್ರೆ ಸಾಕು" ಎಂದ ಅವನು.

ಅಲ್ಲಿಂದ ಶುರುವಾಯಿತು. ತಾಡಪಾಲಿನ ಕೆಳಗೆ ಕಾಫಿ ಕುಡಿಯುತ್ತಾ ಹುಡುಗರಿಗೆ ರಗ್ಬಿ ಲೀಗ್ ಎಂಬ ಆಟ ವಿವರಿಸಿದ. ಒಂದು ಕಡೆ ಹದಿಮೂರು ಜನ. ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವ ಹಾಗಿಲ್ಲ, ಹಿಂದಕ್ಕೇ ಕೊಡಬೇಕು. ಎದುರಾಳಿಗಳು ಆರು ಸಲ ಹಿಡಿದು ನಿಲ್ಲಿಸಿದರೆ ಚೆಂಡು ಅವರಿಗೆ. ಕಬಡ್ಡಿ ಆಡುವವರಿಗೆ ಇದು ಬೇಗ ತಲೆಗೆ ಹೋಯಿತು. ಹಿಡಿಯುವುದು, ಬಿಡಿಸಿಕೊಂಡು ಹೋಗುವುದು ಅವರಿಗೆ ಹೊಸದಲ್ಲ.

ಅವನ ಖುಷಿಗೆ ಕಾರಣ ಇತ್ತು. ಆಸ್ಟ್ರೇಲಿಯಾದ ದೊಡ್ಡ ಲೀಗ್ ಎನ್‌ಆರ್‌ಎಲ್‌ಗೆ 2027ರಲ್ಲಿ ಪರ್ತ್ ತಂಡ ಸೇರುತ್ತದೆ. 1999ರ ನಂತರ ಮೇಲಿನ ಹಂತದಿಂದ ಹೊರಬಿದ್ದ ನಾರ್ತ್ ಸಿಡ್ನಿ ಬೇರ್ಸ್ ತಂಡದ ಹೆಸರನ್ನೇ ಅದಕ್ಕೆ ಕೊಟ್ಟಿದ್ದಾರೆ. ಪರ್ತ್ ಯಾಕೆ ಅಂತ ಕೇಳಿದೆ. ದೊಡ್ಡ ಊರು, ಇನ್ನೊಂದು ತಂಡ ಇಲ್ಲ, ಜೊತೆಗೆ ಟೀವಿ ಲೆಕ್ಕ ಎಂದ. ಪರ್ತ್‌ನಲ್ಲಿ ರಾತ್ರಿ ಎಂಟಾದಾಗ ಸಿಡ್ನಿಯಲ್ಲಿ ಹತ್ತು. ಅಲ್ಲಿನ ಪಂದ್ಯ ಮುಗಿದ ಮೇಲೂ ತೋರಿಸಲು ಇನ್ನೊಂದು ಪಂದ್ಯ ಸಿಗುತ್ತದೆ. ಆದರೆ ಇದೇ ಊರಿಗೆ 1995ರಲ್ಲಿ ವೆಸ್ಟರ್ನ್ ರೆಡ್ಸ್ ಅಂತ ಒಂದು ತಂಡ ಬಂದಿತ್ತು. 1997ಕ್ಕೇ ಬಾಗಿಲು ಹಾಕಿತು.

2028ಕ್ಕೆ ಅದೇ ಲೀಗ್‌ಗೆ ಬರುವ ಪಪುವಾ ನ್ಯೂ ಗಿನಿ ತಂಡದ ಕಥೆ ನನಗೆ ಹೆಚ್ಚು ಹಿಡಿಸಿತು. ರಗ್ಬಿ ಲೀಗ್ ಆ ದೇಶದ ಉಸಿರು. ಆಸ್ಟ್ರೇಲಿಯಾ ಸರ್ಕಾರ ಇದಕ್ಕೆ ಹತ್ತು ವರ್ಷದಲ್ಲಿ 60 ಕೋಟಿ ಡಾಲರ್ ಕೊಡುತ್ತಿದೆ. ಅದರ ಹಿಂದೆ ರಾಜಕೀಯ ಲೆಕ್ಕಾಚಾರ ಇದೆ, ನಿಜ. ಆದರೂ ಅಲ್ಲಿನ ರಾಜಧಾನಿ ಪೋರ್ಟ್ ಮೊರೆಸ್ಬಿಯಲ್ಲಿ ಜನರನ್ನು ಮೈದಾನಕ್ಕೆ ಕರೆಯುವ ಕೆಲಸ ಯಾರಿಗೂ ಇರುವುದಿಲ್ಲ, ಅಲ್ವಾ?

ಹುಡುಗರಲ್ಲಿ ಒಬ್ಬ ಶಿವಮೊಗ್ಗ ಎಂದ. ವಿಮಾನ ನಿಲ್ದಾಣ ಇದೆ, ರೈಲಿದೆ, ನೆಹರೂ ಸ್ಟೇಡಿಯಂ ಇದೆ. ಅವನ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ನನಗೆ ಶಿವಮೊಗ್ಗ ಲಯನ್ಸ್ ನೆನಪಾಯಿತು. ಮಹಾರಾಜ ಟ್ರೋಫಿ ಕ್ರಿಕೆಟ್‌ನಲ್ಲಿ ನಮ್ಮ ಊರಿನ ಹೆಸರು ಹೊತ್ತ ತಂಡ. ಪಂದ್ಯಗಳೆಲ್ಲ ಬೆಂಗಳೂರು, ಮೈಸೂರಿನಲ್ಲಿ. ಶಿವಮೊಗ್ಗದ ನವುಲೆ ಮೈದಾನದಲ್ಲಿ ರಣಜಿ ಪಂದ್ಯ ನಡೆದಾಗ ಹೋಗಿ ಕೂತಿದ್ದೇನೆ, ಲಯನ್ಸ್ ಆಟ ಮಾತ್ರ ಟೀವಿಯಲ್ಲೇ ನೋಡಿದ್ದು. ಆಗಸ್ಟ್ ಮಳೆಯಲ್ಲಿ ಇಲ್ಲಿ ಕ್ರಿಕೆಟ್ ಆಡುವುದು ಕಷ್ಟ, ಗೊತ್ತು. ರಗ್ಬಿಗೆ ಆ ತೊಂದರೆ ಇಲ್ಲ. ಮಳೆಯಲ್ಲೂ ಆಡುತ್ತಾರೆ. ನಮ್ಮ ಊರುಗಳಿಗೆ ಇಂಥ ಆಟವೇ ಸರಿ.

ಭದ್ರಾವತಿ ಯಾಕೆಂದರೆ, ಈ ಆಟ ಹುಟ್ಟಿದ್ದೇ ಕಾರ್ಖಾನೆ ಊರುಗಳಲ್ಲಿ. ಉತ್ತರ ಇಂಗ್ಲೆಂಡಿನ ಗಣಿ, ಗಿರಣಿ ಕೆಲಸಗಾರರು ಆಡಲು ಹೋದರೆ ಆ ಹೊತ್ತಿನ ಕೂಲಿ ಹೋಗುತ್ತಿತ್ತು. ಅದನ್ನು ತುಂಬಿಕೊಡಲು ಬಿಡಿ ಎಂದು ಅಲ್ಲಿನ ಕ್ಲಬ್‌ಗಳು ಕೇಳಿದವು. ರಗ್ಬಿ ನಡೆಸುವ ದೊಡ್ಡವರು ಒಪ್ಪಲಿಲ್ಲ. 1895ರಲ್ಲಿ ಹಡರ್ಸ್‌ಫೀಲ್ಡ್‌ನ ಒಂದು ಹೋಟೆಲಿನಲ್ಲಿ ಸಭೆ ಸೇರಿ ಆ ಕ್ಲಬ್‌ಗಳು ಅವರಿಂದ ಬೇರೆಯಾದವು. ಭದ್ರಾವತಿಯೂ 1923ರಿಂದ ಕಬ್ಬಿಣ ಕರಗಿಸಿದ ಊರು. ಆಮೇಲೆ ಕಾಗದ ಮಾಡಿತು. ಇಂದು ಕಾಗದದ ಕಾರ್ಖಾನೆ ನಿಂತಿದೆ, ಉಕ್ಕಿನ ಕಾರ್ಖಾನೆ ಉಸಿರು ಹಿಡಿದುಕೊಂಡಿದೆ. ಪೇಪರ್ ಟೌನ್, ನ್ಯೂ ಟೌನ್‌ನಲ್ಲಿ ಬೆಳೆದ ಹುಡುಗರು ಕೆಲಸ ಹುಡುಕಿ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಆ ಊರಿಗೆ ಒಂದು ತಂಡ ಕೊಟ್ಟು ನೋಡಿ. ಜನ ಹೇಗೆ ಬರುತ್ತಾರೆ ಅಂತ ನನಗೆ ಗೊತ್ತು.

ಮರುದಿನ ತಮ್ಮನನ್ನು ಭದ್ರಾವತಿಗೇ ಕರೆದುಕೊಂಡು ಹೋದೆ. ಕನಕ ಮಂಟಪ ಮೈದಾನದಲ್ಲಿ ಕಾರ್ಖಾನೆಯಿಂದ ನಿವೃತ್ತರಾದ ಒಬ್ಬ ಹಿರಿಯರು ಸಿಕ್ಕರು, ಹಿಂದೆ ಕಬಡ್ಡಿ ಆಡಿದವರು. ನಾವು ಹೇಳಿದ್ದನ್ನೆಲ್ಲ ಸಮಾಧಾನವಾಗಿ ಕೇಳಿಸಿಕೊಂಡರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ಆಡೋ ಹುಡುಗ್ರಿಗೆ ಸಂಬಳ ಸಿಗುತ್ತೇನಪ್ಪಾ?"

"ಅಲ್ಲಿ ಸಿಗುತ್ತೆ ಸಾರ್. ಇಲ್ಲಿ ಮೊದಲು ಆಟ ಶುರುವಾಗ್ಬೇಕು" ಎಂದ ತಮ್ಮ.

"ಸರಿ, ಚೆಂಡು ತಗೊಂಡು ಭಾನುವಾರ ಬನ್ನಿ. ಹುಡುಗ್ರನ್ನ ನಾನು ಸೇರಿಸ್ತೀನಿ" ಎಂದರು. ಚೆಂಡಿಗಾಗಿ ನಾವು ಅಲ್ಲಿಂದಲೇ ಬೆಂಗಳೂರಿಗೆ ಫೋನ್ ಮಾಡಿದೆವು.